ಒರತೆ ತೋಡುತ್ತಿದ್ದ ದೊಡ್ಡವ್ವ

ಆಕೆಯ ಬಲಗೈಯ ಉಗುರುಗಳು ಸವೆದು, ಬೆರಳ ತುದಿಯ ಚರ್ಮದೊಳಗೇ ಮುಗಿದುಹೋಗಿದ್ದವು. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಹಾಗೆಂದು ನನ್ನ ನೆನಪು. ಎಡ ಬಲ ಅದಲುಬದಲಾಗಿದ್ದರೂ ಇರಬಹುದು.

ಯಳಂದೂರಿನ ನಮ್ಮ ಬೀದಿಗೆಲ್ಲ ಆಕೆ ದೊಡ್ಡವ್ವ. ಬೇಸಿಗೆಯಲ್ಲಿ ಸುವರ್ಣಾವತಿ ಹೊಳೆ ಬತ್ತಿ ಬರೀ ಮರಳಾದಾಗ ನಮಗೆ ಕುಡಿಯುವ ನೀರು ಕೊಡುತ್ತಿದ್ದವಳು. ಬೆಳಗ್ಗೆ ಬರಿಗಾಲಲ್ಲಿ ಹೊಳೆಯುದ್ದ ನಡೆದು, ಪಾದಕ್ಕೆ ತಂಪು ತಾಗಿದ ಕಡೆ ಕೂತು, ತೆಂಗಿನ ಚಿಪ್ಪಿನಿಂದ ಮೊಳದಾಳ ತೋಡುವಳು. ಒರತೆ ಜಿನುಗಿ ತಿಳಿಯಾದ ಮೇಲೆ ಕೊಡ ತುಂಬಿಸುವಳು. ಗುದ್ದಲಿ, ಸಲಿಕೆಗಳನ್ನು ಹತ್ತಿರ ಬಿಡುತ್ತಿರಲಿಲ್ಲ.

"ಕಬ್ಣ ತಾಕುದ್ರ ನೀರು ಬೆದ್ರಿ ಕೆಳಿಕ್ಕೋಯ್ತದ ಕಣ್ಲಾ."

ಮೈಸೂರಿನಲ್ಲಿ ಓದಿ ಬಂದಿದ್ದ ನಾನು ನಕ್ಕೆ.

"ನಗು ನಗು. ಬಿಯ್ಯೆ ಮಾಡವ್ನ, ಒಂದ್ ಚಿಪ್ಪು ಇಡ್ಯಾಕ್ ಬರದಿಲ್ಲ. ನಿನ್ ಕಟ್ಕಳೋಳೂ ನೀರಿಗ್ ನನ್ತಾವೇ ಬರ್ಬೇಕು!"

ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ನನ್ನನ್ನು ನೋಡಿ ನಕ್ಕಿದ್ದರು.

ಎಪ್ಪತ್ತನೇ ಇಸವಿಯ ನಂತರದ ಒಂದು ಬೇಸಿಗೆಯಲ್ಲಿ ಲಾರಿಗಳು ಹೊಳೆಗೇ ಇಳಿದವು. ಕೊಳ್ಳೇಗಾಲದ ಕಡೆ ಮನೆಗಳು ಏಳುತ್ತಿದ್ದವು. ಹಿಂದೆ ಎತ್ತಿನ ಗಾಡಿಯವರು ಒಯ್ದಷ್ಟು ಮರಳನ್ನು ಮಳೆಗಾಲ ತಂದು ತುಂಬುತ್ತಿತ್ತು. ಲಾರಿಯ ಹೊಟ್ಟೆಗೆ ಅದು ಸಾಲಲಿಲ್ಲ. ಮೂರನೆಯ ಬೇಸಿಗೆಗೆ ದೊಡ್ಡವ್ವ ತೋಳು ಮುಳುಗುವಷ್ಟು ತೋಡಿದರೂ ಒಣ ಮರಳೇ ಬಂತು. ಮರಳೆಂದರೆ ನೀರನ್ನು ಮುಚ್ಚಿಟ್ಟ ಹೊದಿಕೆಯಷ್ಟೇ ಎಂದು ನಾನು ತಿಳಿದಿದ್ದೆ. ಅದು ಹೋದರೆ ನೀರೂ ಹೋಗುತ್ತದೆಂದು ಆ ದಿನ ಕಂಡೆ. ಕೊಡಗಳು ಖಾಲಿಯೇ ಹಿಂತಿರುಗಿದವು. ಆಕೆ ಯಾರ ಮುಖವನ್ನೂ ನೋಡಲಿಲ್ಲ.

ಅಂದು ಸಂಜೆ ನಾನೊಂದು ಮಾತು ಹೇಳಿದೆ: "ದೊಡ್ಡವ್ವ, ಲಾರಿಯವ್ರು ತಗ್ದಿರೋ ಗುಂಡಿ ಎರಡಾಳು ಆಳ ಅದ. ಅದ್ರ ತಳ್ದಲ್ಲಿ ತೋಡುದ್ರ ನೀರು ಬೇಗ ಸಿಕ್ತದಲ್ವಾ?"

ಆಕೆ "ಓದಿದ್ದು ಕಡ್ಗೂ ಉಪ್ಯೋಗಕ್ ಬಂತು ಬುಡು" ಎಂದಳು.

ಮರುದಿನ ಬೆಳಗ್ಗೆ ಗುಂಡಿಗಿಳಿದಳು. ಮೇಲೆ ನಾಲ್ಕೈದು ಹೆಂಗಸರು, ನಾನು. ನೀರು ನಿಜವಾಗಿಯೂ ಸಿಕ್ಕಿತು. "ಬಂತು ಕಣ್ರವ್ವಾ! ಕೊಡ ಇಳ್ಸಿ!" ಎಂದು ಆಕೆ ಕೂಗಿದ್ದಷ್ಟೇ. ಲಾರಿಯವರು ನೇರವಾಗಿ ಕೊಯ್ದು ಬಿಟ್ಟಿದ್ದ ಮರಳಿನ ಗೋಡೆ ಕುಸಿಯಿತು. ದೊಡ್ಡ ಸದ್ದೂ ಆಗಲಿಲ್ಲ. ಗುಂಡಿ ಇದ್ದಲ್ಲಿ ಒಂದು ಇಳಿಜಾರು ಇತ್ತು, ಆಕೆ ಇರಲಿಲ್ಲ. ಬಗೆದೆವು; ಬಗೆದಷ್ಟೂ ಮೇಲಿನಿಂದ ಸುರಿಯಿತು. ಹೊರತೆಗೆದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಬೀದಿಯವರು ಲಾರಿಯವರನ್ನು ಬೈದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಆ ವಾರದ ನನ್ನ ದಿನಚರಿಯಲ್ಲಿ ಹೊಳೆ, ಗುಂಡಿ, ಸಾವು ಎಲ್ಲವೂ ಇವೆ. ಹಿಂದಿನ ಸಂಜೆಯ ಆ ಮಾತು ಮಾತ್ರ ಇಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ ತಿಳಿಯದು. ಈಚೆಗೆ ಅದನ್ನು ಹೇಳಿದ್ದು ಪಕ್ಕದಲ್ಲಿದ್ದ ಇನ್ಯಾರೋ ಎಂದು ಅನಿಸತೊಡಗಿದೆ. ಆ ಅನಿಸಿಕೆ ಬಲಿಯುವ ಮೊದಲೇ ಇಲ್ಲಿ ಬರೆದಿಡುತ್ತೇನೆ: ಹೇಳಿದವನು ನಾನೇ.