ಕಲಾಯಿ ಕರಗಿದ ಮೇಲೆ ಹತ್ತು ಎಣಿಕೆ

ಆಳಂದದ ಅಮೀರುನ್ನಿಸಾಳಿಗೆ ಪ್ಲಾಸ್ಟಿಕ್ಕಿನ ಜಾತಿ ಮೂಗಿನಿಂದಲೇ ತಿಳಿಯುತ್ತದೆ. ಚಾಕುವಿನಿಂದ ಒಂದು ಚೂರು ಕೆರೆದು, ಕಡ್ಡಿ ಗೀರಿ ಸುಟ್ಟು, ಹೊಗೆ ಮೂಸುತ್ತಾಳೆ. ಮೇಣದ ಬತ್ತಿಯ ವಾಸನೆ ಬಂದರೆ ಅದು ನೀರಿನ ಕೊಡದ ಪ್ಲಾಸ್ಟಿಕ್ಕು. ಮೂಗಿಗೆ ಚುಚ್ಚಿ ಕೆಮ್ಮು ಬಂದರೆ ಪೈಪಿನದು. ಕೂದಲು ಸುಟ್ಟ ವಾಸನೆ ಬಂತೆಂದರೆ ನೈಲಾನು. ಈ ಮೂರನೆಯ ವಾಸನೆ ಅವಳ ಕಸುಬಿನೊಳಗೆ ಬಂದದ್ದು ಮೂರು ವರ್ಷದ ಹಿಂದೆ, ಒಂದು ಕಾರಿನಿಂದಾಗಿ. ಆ ಕಥೆಯನ್ನು ನಾನು ಅವಳ ಬಾಯಿಂದಲೂ ಕೇಳಿದ್ದೇನೆ, ಕಾರಿನವನ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಹೇಳುವುದು ಒಂದೆರಡು ಕಡೆ ತಾಳೆಯಾಗುವುದಿಲ್ಲ. ಅಂಥಲ್ಲಿ ನಾನು ಅವಳ ಮಾತನ್ನೇ ಹಿಡಿದಿದ್ದೇನೆ.

ಅವಳ ತಂದೆ ಬುರಾನುದ್ದೀನ ಕಲಾಯಿ ಹಾಕುವವರು. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರ ಕರಗಿಸಿ ಬಳಿಯುವ ಕೆಲಸ. ಹುಡುಗಿಯಾಗಿದ್ದಾಗ ತಿದಿ ಒತ್ತುತ್ತ ಅವರ ಹಿಂದೆ ಊರೂರು ತಿರುಗಿದಳು. ಮುಂದೆ ಮನೆಮನೆಗೆ ಸ್ಟೀಲು, ಪ್ಲಾಸ್ಟಿಕ್ಕು ಬಂದು ಕಲಾಯಿ ಕೇಳುವವರು ಇಲ್ಲವಾದರು. ತಂದೆ ತಿದಿ ಮಡಿಚಿಟ್ಟು ಕೂತರು. ಮದುವೆಯಾದ ಹೊಸತರಲ್ಲಿ ಅಮೀರುನ್ನಿಸಾ ಪಕ್ಕದ ಮನೆಯವರ ಸೀಳಿದ ಕೊಡವನ್ನು ಬಿಸಿ ಕಬ್ಬಿಣದ ಪಟ್ಟಿಯಿಂದ ಹಚ್ಚಿಕೊಟ್ಟಳು. ಆ ಕೊಡ ಆರು ವರ್ಷ ನೀರು ಹೊತ್ತಿತು. ಅಲ್ಲಿಂದ ಅದೇ ಕಸುಬಾಯಿತು. ಆಳಂದದ ಸಂತೆ, ಕಡಗಂಚಿಯ ಬಸ್‌ಸ್ಟ್ಯಾಂಡು, ಗುರುವಾರ ಗಾಣಗಾಪುರ. ಗಾಣಗಾಪುರದಲ್ಲಿ ಅವಳಿಗೆ ಕೆಲಸ ಕೊಡುವವರು ಭಕ್ತರಲ್ಲ, ಲಾಡ್ಜಿನವರು. ಗುರುವಾರದ ಗದ್ದಲಕ್ಕೆ ಎಷ್ಟು ಬಕೆಟ್ಟು, ಎಷ್ಟು ಮಗ್ಗು ಒಡೆಯುತ್ತವೋ ಅಷ್ಟೂ ಅವಳ ಮುಂದೆ ಬಂದು ಬೀಳುತ್ತಿದ್ದವು.

ಮೂರು ವರ್ಷದ ಹಿಂದಿನ ಒಂದು ಗುರುವಾರ, ಅವಳು ಕೂತ ಗೋಡೆಯ ಮಗ್ಗುಲಿಗೆ ಒಂದು ಬಿಳಿ ಕಾರು ಬಂದು ನಿಂತಿತು. ನಿಂತರೂ ಅದರ ಇಂಜಿನ್ನು ಸುಮ್ಮನಿರಲಿಲ್ಲ. ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ನಡುವೆ ಸಣ್ಣಗೆ ಸಿಳ್ಳೆ ಹೊಡೆಯುತ್ತದೆ. ಆಮೇಲೆ ತಾನಾಗಿಯೇ ಆರಿತು. ಡ್ರೈವರ್ ಇಳಿದು ಬಾನೆಟ್ ಎತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಅವನು ಜೇವರ್ಗಿ ತಾಲೂಕಿನ ಕೊಳಕೂರಿನ ಗುರುಲಿಂಗ.

"ಯಾಕಣ್ಣಾ, ಗಾಡಿ ಸೀಟಿ ಹೊಡಿಯಾಕತ್ತದಲ್ಲ?" ಎಂದಳು ಅಮೀರುನ್ನಿಸಾ.

"ಬೋಲ್ಟಿನ ಚೂಡಿ ಹೋಗ್ಯದ ಅಕ್ಕಾ. ಸಂದಿನಾಗಿಂದ ಗಾಳಿ ಎಳೀತದ."

ಚೂಡಿ ಎಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬೋಲ್ಟು ಹಿಡಿದುಕೊಳ್ಳುವ ಸುರುಳಿ ಗೆರೆ. ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಯನ್ನು ಮ್ಯಾನಿಫೋಲ್ಡ್ ಅನ್ನುತ್ತಾರೆ. ಹಳೆಯ ಗಾಡಿಗಳಲ್ಲಿ ಅದು ಲೋಹದ್ದಿರುತ್ತಿತ್ತು, ಈಗ ಕರಿ ಪ್ಲಾಸ್ಟಿಕ್ಕಿನದು. ಜೇವರ್ಗಿಯ ಗ್ಯಾರೇಜಿನಲ್ಲಿ ಯಾರೋ ಅದರ ಬಾಯಿ ಸ್ವಚ್ಛ ಮಾಡಿ, ಬೋಲ್ಟನ್ನು ಉದ್ದನೆಯ ಪಾನದಿಂದ, ಅಂದರೆ ಸ್ಪ್ಯಾನರಿನಿಂದ, ಬಿಗಿದಿದ್ದರು. ಪ್ಲಾಸ್ಟಿಕ್ಕಿನ ಚೂಡಿ ಪುಡಿಯಾಗಿ ಬೋಲ್ಟು ಸುಮ್ಮನೆ ತಿರುಗುತ್ತಿತ್ತು. ಅಂಟು ಹಾಕಿ ನೋಡಿದರು, ನಿಲ್ಲಲಿಲ್ಲ. ಇಡೀ ಮ್ಯಾನಿಫೋಲ್ಡೇ ಹೊಸದು ತರಿಸಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದಿದ್ದರು.

"ಬರಲಿ ಬಿಡು, ಅಲ್ಲೀತನ ಗಾಡಿ ನಿಲ್ಲಸು," ಎಂದಳು ಇವಳು.

"ನಿಲ್ಲಸಾಕ ಬರಂಗಿಲ್ಲ. ಮಂಗಳವಾರ, ಶುಕ್ರವಾರ ಅಫಜಲಪುರದಿಂದ ಮೂರು ಮಂದೀನ ಕಲಬುರಗಿಗೆ ಡಯಾಲಿಸಿಸ್‌ಗೆ ಒಯ್ತೇನಿ. ನಾಳಿ ಶುಕ್ರವಾರ."

ಅಮೀರುನ್ನಿಸಾ ಎದ್ದು ಬಂದು ಇಣುಕಿದಳು. ಗುರುಲಿಂಗ ಗಾಡಿ ಚಾಲೂ ಮಾಡಿದ. ಅವಳು ಕ್ಯಾರಿಬ್ಯಾಗಿನ ತೆಳು ಚೂರನ್ನು ಆ ಸಂದಿಯ ಹತ್ತಿರ ಹಿಡಿದಳು. ಚೂರು ಕೈಬಿಟ್ಟು ಹಾರಿ ಸಂದಿಗೆ ಅಂಟಿತು, ಸಿಳ್ಳೆ ನಿಂತಿತು. "ಇಲ್ಲೇ ಅದ," ಎಂದಳು. ಆಮೇಲೆ ಅಂಚಿನಿಂದ ಒಂದು ಎಳೆ ಕೆರೆದು ಸುಟ್ಟು ಮೂಸಿದಳು. ಕೂದಲು ಸುಟ್ಟ ಹಾಗೆ ನಾತ. ಕೊಡದ ಜಾತಿಯಲ್ಲ. ಆದರೆ ಒಡೆದ ಕುರ್ಚಿಯ ಗಾಲಿಯನ್ನು ಸುಟ್ಟಾಗ ಇದೇ ನಾತ ಬಂದದ್ದು ನೆನಪಿತ್ತು. ಚೀಲದ ತಳದಲ್ಲಿ ಉಳಿದಿದ್ದ ಆ ಗಾಲಿಯನ್ನು ಕರಗಿಸಿ ತೂತು ತುಂಬಿದಳು. ಆರಿದ ಮೇಲೆ ಗುರುಲಿಂಗ ಅದರಲ್ಲಿ ಹೊಸ ಚೂಡಿ ಕೊರೆದ. ಬೋಲ್ಟು ಕೂತಿತು. ಇಂಜಿನ್ನು ಒಂದೇ ಸಮನೆ ಓಡಿತು.

ಶುಕ್ರವಾರ ಹೋಗಿ ಬಂದರು. ಮಂಗಳವಾರ ಹೋಗಿ ಬಂದರು. ಮುಂದಿನ ಶುಕ್ರವಾರ ಕಲಬುರಗಿ ಇನ್ನೂ ಹದಿನೈದು ಕಿಲೋಮೀಟರ್ ಇರುವಾಗ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಅವಳು ತುಂಬಿದ್ದು ಇಡಿಯಾಗಿ ಕಿತ್ತು ಬಂತು. ಗಾಡಿ ನಿಂತಿತು. ಮೂರು ಜನರಲ್ಲಿ ಮಾಣಿಕಮ್ಮ ಎಲ್ಲರಿಗಿಂತ ಹಿರಿಯಳು. ಬೇರೆ ಗಾಡಿ ಹಿಡಿದು ಆಸ್ಪತ್ರೆ ಮುಟ್ಟುವುದರಲ್ಲಿ ಮೂರು ತಾಸು ತಡವಾಗಿ, ಅವಳ ಉಸಿರು ಮೇಲಕ್ಕೆ ಮೇಲಕ್ಕೆ ಬರುತ್ತಿತ್ತು. ಹೇಗೋ ಉಳಿದಳು.

ಸುದ್ದಿ ತಿಳಿದು ಅಮೀರುನ್ನಿಸಾ ಎರಡು ದಿನ ಒಲೆಯ ಮುಂದೆ ಕೂತವಳು ಕೂತ ಹಾಗೇ ಇದ್ದಳು. ಆಳಂದದ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುವ ಗಂಡ ಚಾಂದಪಾಶಾ, "ನೀ ಬೇಕಂತ ಮಾಡಿದ್ದೇನಲ್ಲ," ಎಂದ. ಅದು ಅವಳಿಗೆ ಸಮಾಧಾನ ತರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಅಫಜಲಪುರಕ್ಕೆ ಹೋಗಿ ಮಾಣಿಕಮ್ಮನ ಮನೆ ಹುಡುಕಿ, ಹೊಸ್ತಿಲ ಹೊರಗೇ ನಿಂತು, "ನಂದು ತಪ್ಪಾತ್ರಿ," ಎಂದಳು.

ಮಾಣಿಕಮ್ಮ ಮಂಚದ ಮೇಲಿಂದಲೇ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀ ಹಚ್ಚಿದ್ದಕ್ಕ ಎರಡು ಸಲ ಹೋಗಿ ಬಂದೇವಿ ಬೇ. ಮೂರನೇದ್ದಕ್ಕೂ ತಡಿಯಂಗ ಹಚ್ಚು. ಅಳಬ್ಯಾಡ, ಒಳಗ ಬಾ, ಚಾ ಕುಡಿ."

ಅಲ್ಲಿಂದ ಅವಳು ನೇರ ಜೇವರ್ಗಿಗೆ ಹೋದಳು. ಗಾಡಿ ಮಸೂದನ ಗ್ಯಾರೇಜಿನಲ್ಲಿ ನಿಂತಿತ್ತು. ಮಸೂದ ಇಪ್ಪತ್ತು ವರ್ಷದಿಂದ ಇಂಜಿನ್ನು ಬಿಚ್ಚುವವನು. ಮೊದಲು ಚೂಡಿ ಹೋದದ್ದು ಅವನ ಕೆಲಸಗಾರರ ಕೈಯಲ್ಲೇ. ಆ ಮಾತನ್ನು ಅವನು ಎತ್ತಲಿಲ್ಲ. "ಇಂಜಿನ್ ಅಂದ್ರ ಬಕೆಟ್ ಅಲ್ಲ, ಬಾಯೀ. ಇದರಾಗ ಕೈ ಹಾಕಬ್ಯಾಡ್ರಿ," ಎಂದ, ಹತ್ತು ಜನರ ಮುಂದೆ. ಗುರುಲಿಂಗ ಬಿಚ್ಚಿಟ್ಟ ಮ್ಯಾನಿಫೋಲ್ಡನ್ನು ಕಿತ್ತು ಬಂದ ತುಂಡಿನ ಸಮೇತ ಚೀಲಕ್ಕೆ ಹಾಕಿ ಅವಳ ಕೈಗೆ ಕೊಟ್ಟ. "ಹೊಸದು ಬಂದಮ್ಯಾಲ ಇದು ಹ್ಯಾಂಗೂ ಕಸ. ಅಲ್ಲೀತನ ನಮ್ಮ ಕಾಕಾನ ಜೀಪಿನಾಗ ಅವರನ್ನ ಒಯ್ತೇನಿ. ನೀ ನೋಡು." ಆ ಜೀಪಿಗೆ ಬಾಗಿಲಿರಲಿಲ್ಲ, ಧೂಳಿಗೆ ತಡೆಯಿರಲಿಲ್ಲ. ಅದೂ ಅವಳಿಗೆ ಗೊತ್ತಿತ್ತು.

ಮನೆಗೆ ಬಂದು ಕಿತ್ತು ಬಂದ ತುಂಡನ್ನು ಅಂಗೈಯಲ್ಲಿಟ್ಟು ನೋಡಿದಳು. ಒಳಗಿನ ಚೂಡಿ ಹೊಸದರ ಹಾಗಿತ್ತು, ಒಂದು ಗೆರೆಯೂ ಸವೆದಿರಲಿಲ್ಲ. ಸೋತದ್ದು ಹೊರಗಿನ ಮೈ. ಅದು ಗೋಡೆಯೊಂದಿಗೆ ಬೆರೆತೇ ಇರಲಿಲ್ಲ. ಬಾಟಲಿಯಲ್ಲಿ ಬೂಚು ಕೂತ ಹಾಗೆ ಕೂತಿತ್ತು, ಇಂಜಿನ್ ಕಾದಾಗ ಜಾರಿತ್ತು. ಹಾಗಾದರೆ ಹೊರಮೈ ಗೋಡೆಯನ್ನು ಕಚ್ಚಿ ಹಿಡಿಯಬೇಕು. ಏನಿದ್ದರೆ ಕಚ್ಚುತ್ತದೆ?

ಉತ್ತರ ಸಿಕ್ಕಿದ್ದು ನಾಲ್ಕು ದಿನದ ಮೇಲೆ, ಯಾರೋ ರಿಪೇರಿಗೆಂದು ತಂದು ಬೇಡವೆಂದು ಬಿಟ್ಟುಹೋದ ಒಂದು ಮಿಕ್ಸರಿನಲ್ಲಿ. ಅದರ ಬುಡದ ಪ್ಲಾಸ್ಟಿಕ್ಕಿನೊಳಗೆ ಗಿಡ್ಡ ಕೊಳವೆಯಂಥ ನಾಲ್ಕು ಹಿತ್ತಾಳೆಯ ಬಿಲ್ಲೆಗಳು ಮಿಂಚುತ್ತಿದ್ದವು, ಸ್ಕ್ರೂ ಕೂರುವುದು ಅವುಗಳೊಳಗೆ. ಅವಳು ಅಂಥದೊಂದನ್ನು ಗರಗಸದಿಂದ ಉದ್ದಕ್ಕೆ ಸೀಳಿದಳು. ಬಿಲ್ಲೆಯ ಹೊರಮೈ ತುಂಬ ಉದ್ದುದ್ದ ಗೀರು, ಮುಸುಕಿನ ಜೋಳದ ತೆನೆಯ ಹಾಗೆ. ನಡುವೆ ಸುತ್ತಲೂ ಒಂದು ಕಾಲುವೆ. ಪ್ಲಾಸ್ಟಿಕ್ಕು ಆ ಗೀರಿನೊಳಗೆಲ್ಲ ಹರಿದು ಗಟ್ಟಿಯಾಗಿತ್ತು. ಗೀರು ತಿರುಗಲು ಬಿಡುವುದಿಲ್ಲ, ಕಾಲುವೆ ಮೇಲೇಳಲು ಬಿಡುವುದಿಲ್ಲ. ಅವಳು ಒಬ್ಬಳೇ ಜೋರಾಗಿ ನಕ್ಕಳಂತೆ.

ಆಳಂದದಲ್ಲಿ ಲೇಥು ಇಟ್ಟುಕೊಂಡ ಯಾಕೂಬಸಾಬ ಅವಳು ಹೇಳಿದ ಅಳತೆಗೆ ಹಿತ್ತಾಳೆ ಬಿಲ್ಲೆ ಕಡೆದುಕೊಟ್ಟರು. ಒಳಗೆ ಚೂಡಿ, ಹೊರಗೆ ಗೀರು. ಈಗ ಅದನ್ನು ಕಾಯಿಸಿ ಪ್ಲಾಸ್ಟಿಕ್ಕಿನೊಳಗೆ ಇಳಿಸಬೇಕು. ಹೇಳುವಷ್ಟು ಸುಲಭವಲ್ಲ. ಗುಜರಿಯಿಂದ ಒಡೆದ ಮ್ಯಾನಿಫೋಲ್ಡು, ಇಂಜಿನ್ನಿನ ಮುಚ್ಚಳ, ಏನು ಸಿಕ್ಕಿತೋ ತಂದು ಮಧ್ಯಾಹ್ನಗಳಲ್ಲಿ ಕೂತು ಮಾಡಿದಳು. ಬಿಲ್ಲೆ ಕಡಿಮೆ ಕಾದರೆ ಪ್ಲಾಸ್ಟಿಕ್ಕು ಟಕ್ಕೆಂದು ಸೀಳುತ್ತಿತ್ತು. ಹೆಚ್ಚು ಕಾದರೆ ಗುಳ್ಳೆಯೆದ್ದು, ಬಿಲ್ಲೆ ವಾರೆಯಾಗಿ ಮುಳುಗುತ್ತಿತ್ತು, ಕರಗಿದ್ದು ಚೂಡಿಯೊಳಗೇ ಉಕ್ಕುತ್ತಿತ್ತು. ಹದ ಯಾವುದು? ಬೆಂಕಿಯ ಬಣ್ಣ ನೋಡಿ ತಿಳಿಯುವಷ್ಟು ಬಿಸಿ ಅಲ್ಲ ಅದು, ಕೈಯಿಟ್ಟು ನೋಡುವಷ್ಟು ತಣ್ಣಗೂ ಅಲ್ಲ. ಮೂವತ್ತಕ್ಕೂ ಹೆಚ್ಚು ಬಿಲ್ಲೆ ಕೆಟ್ಟವು.

ಆಗ ಅವಳಿಗೆ ಹೊಳೆದದ್ದು ಕಲಾಯಿ. ತಾಮ್ರದ ಹಂಡೆ ಕಾದಿದೆಯೋ ಇಲ್ಲವೋ ಎಂದು ತಂದೆ ಕಣ್ಣಿನಿಂದ ನೋಡುತ್ತಿರಲಿಲ್ಲ, ತವರದ ಕಡ್ಡಿಯನ್ನು ಮುಟ್ಟಿಸುತ್ತಿದ್ದರು. ಕಡ್ಡಿಯ ತುದಿ ಕರಗಿ ಓಡಿದರೆ ಬಿಸಿ ಬಂತು. ತವರ ಯಾವತ್ತೂ ಒಂದೇ ಬಿಸಿಗೆ ಕರಗುತ್ತದೆ, ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಅವಳು ಡಬ್ಬಿಯಲ್ಲಿ ಉಳಿದಿದ್ದ ತವರ ತೆಗೆದಳು. ಬಿಲ್ಲೆಗೆ ಉದ್ದನೆಯ ಬೋಲ್ಟು ಸಿಕ್ಕಿಸಿ, ಕೆಂಡದ ಮೇಲೆ ಹಿಡಿದು, ಬೋಲ್ಟಿನ ನೆತ್ತಿಗೆ ತವರದ ಚೂರಿಟ್ಟಳು. ಅದು ಕರಗಿ ಮುತ್ತಾಯಿತು. ಅಷ್ಟಕ್ಕೇ ಇಳಿಸಿದರೆ ಪ್ಲಾಸ್ಟಿಕ್ಕು ಮೊಂಡಾಟ ಮಾಡಿತು. ಐದು ಎಣಿಸಿ ಇಳಿಸಿದಳು, ಅರ್ಧ ಹೋಯಿತು. ಹದಿನೈದು ಎಣಿಸಿದರೆ ಗುಳ್ಳೆ. ಹತ್ತು ಎಣಿಸಿದಾಗ ಬಿಲ್ಲೆ ಬೆಣ್ಣೆಯಲ್ಲಿ ಬೆರಳಿಳಿದ ಹಾಗೆ, ನೆಟ್ಟಗೆ, ಅಂಚಿಗೆ ಸಮನಾಗಿ ಕೂತಿತು. ಮೇಲೊಂದು ಕಬ್ಬಿಣದ ಚಪ್ಪಟೆ ಪಟ್ಟಿ ಒತ್ತಿ, ತಾನಾಗಿ ಆರಲು ಬಿಟ್ಟಳು. ಮರುದಿನ ಹತ್ತು ಬಿಲ್ಲೆ ಹಾಕಿದಳು. ಹತ್ತೂ ಕೂತವು.

ಗುರುಲಿಂಗನ ಮ್ಯಾನಿಫೋಲ್ಡಿಗೆ ಹಾಕಿಕೊಂಡು, ಜತೆಗೆ ಗುಜರಿಯ ಒಂದು ತುಂಡಿಗೂ ಹಾಕಿಕೊಂಡು ಜೇವರ್ಗಿಗೆ ಹೋದಳು. ಮಸೂದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗಿನಿಂದ ಬಿಗಿ ಅಳೆಯುವ ಪಾನ ತಂದ. ಕಂಪನಿ ಹೇಳಿದ ಬಿಗಿಗೆ ಬಂದ ಕೂಡಲೇ ಅದು ಕಟ್ ಎನ್ನುತ್ತದೆ.

"ಕಂಪನೀದು ಇಷ್ಟು," ಎಂದು ಗುಜರಿ ತುಂಡಿನ ಬೋಲ್ಟು ಬಿಗಿದ. ಕಟ್.

"ಇನ್ನೂ ಹಾಕ್ರಿ ಉಸ್ತಾದ," ಎಂದಳು.

ಒಂದೂವರೆ ಪಟ್ಟಿಗೆ ಹಾಕಿದ. ಕಟ್. ಎರಡು ಪಟ್ಟಿಗೆ ಹಾಕಿದ. ಕಟ್. ಕೆಲಸಗಾರರು ಕೆಲಸ ಬಿಟ್ಟು ಸುತ್ತ ನಿಂತರು. ಮಸೂದ ಆ ಪಾನ ಕೆಳಗಿಟ್ಟು ಮಾಮೂಲಿ ಉದ್ದ ಪಾನ ಎತ್ತಿಕೊಂಡ. ತುಂಡನ್ನು ವೈಸಿನ ದವಡೆಯಲ್ಲಿ ಹಿಡಿಸಿ, ಎರಡೂ ಕೈಯಿಂದ ಎಳೆದ. ಫಟ್ ಎಂದಿತು. ಬೋಲ್ಟಿನ ತಲೆ ಮುರಿದು ನೆಲದ ಮೇಲೆ ಉರುಳಿತು. ಹಿತ್ತಾಳೆ ಕೂದಲೆಳೆಯಷ್ಟೂ ಕದಲಿರಲಿಲ್ಲ.

ಮಸೂದ ಮುರಿದ ತಲೆಯನ್ನು ಎತ್ತಿಕೊಂಡು ನೋಡಿದ, ಅವಳನ್ನು ನೋಡಿದ. "ಅಸ್ತಗಫಿರುಲ್ಲಾ," ಎಂದ, ದೇವರಲ್ಲಿ ಕ್ಷಮೆ ಕೇಳುವವನ ಹಾಗೆ. ಆಮೇಲೆ ನಕ್ಕುಬಿಟ್ಟ. "ಬಾಯೀ, ನಾ ಅವತ್ತು ಅಂದಿದ್ದು ವಾಪಸ್ ತಗೋತೇನಿ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ತಗೋತೇನಿ."

"ಅದಿರ್ಲಿ," ಎಂದಳು ಅಮೀರುನ್ನಿಸಾ. "ಗಾಡಿಗೆ ಹಾಕೋವಾಗ ಮಾತ್ರ ಆ ಕಟ್ ಅನ್ನೋದ್ರಿಂದಲೇ ಬಿಗೀರಿ. ನಿಮ್ಮ ಮಂದಿ ಕೈಗೆ ಉದ್ದ ಪಾನ ಕೊಡಬ್ಯಾಡ್ರಿ."

ಮಸೂದ ತಾನೇ ಗಾಡಿಗೆ ಕೂಡಿಸಿದ. ಗುರುಲಿಂಗ ಕೀಲಿ ತಿರುಗಿಸಿದ. ಇಂಜಿನ್ನು ಏರಲಿಲ್ಲ, ಇಳಿಯಲಿಲ್ಲ, ಸಿಳ್ಳೆ ಹೊಡೆಯಲಿಲ್ಲ. ಮುಂದಿನ ಮಂಗಳವಾರ ಮಾಣಿಕಮ್ಮ ಬಾಗಿಲಿರುವ ಗಾಡಿಯಲ್ಲಿ, ಕಿಟಕಿ ಏರಿಸಿಕೊಂಡು ಕಲಬುರಗಿಗೆ ಹೋದಳು. ಹೊಸ ಮ್ಯಾನಿಫೋಲ್ಡು ಬಂದದ್ದು ಎರಡು ತಿಂಗಳ ಮೇಲೆ. ಗುರುಲಿಂಗ ಅದನ್ನು ಬಿಚ್ಚದೆ ಡಬ್ಬಿಯ ಸಮೇತ ಹಿಂದಿರುಗಿಸಿದ. ಅವನ ಗಾಡಿ ಈಗಲೂ ಅದೇ ಹಳೆಯದರಲ್ಲಿ ಓಡುತ್ತಿದೆ.

ಮೊದಲು ಮಸೂದನೇ ಕೆಲಸ ಕಳಿಸಿದ. ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಕಟ್ಟಿ. ಆಮೇಲೆ ಅಫಜಲಪುರದ ಗ್ಯಾರೇಜು, ಆಮೇಲೆ ಗಡಿಯಾಚೆಯ ಅಕ್ಕಲಕೋಟ, ಸೊಲ್ಲಾಪುರ. ಕಾಯಿಲ್ ಕೂರುವ ಮುಚ್ಚಳ, ನೀರಿನ ಕೊಳವೆಯ ಮೂತಿ, ಗಾಳಿ ಫಿಲ್ಟರಿನ ಪೆಟ್ಟಿಗೆ. ಪ್ರತಿಯೊಂದನ್ನೂ ಮೊದಲು ಕೆರೆದು, ಸುಟ್ಟು, ಮೂಸುತ್ತಾಳೆ. ಪ್ಲಾಸ್ಟಿಕ್ಕಿನ ಜಾತಿಗೆ ತಕ್ಕಂತೆ ಎಣಿಕೆ ಬದಲಾಗುತ್ತದೆ, ಕೆಲವಕ್ಕೆ ತವರ ಕರಗುವ ಮುಂಚೆಯೇ ಇಳಿಸಬೇಕು. ಸುತ್ತ ಗೋಡೆ ತೆಳ್ಳಗಿದ್ದರೆ ಮುಟ್ಟುವುದೇ ಇಲ್ಲ. "ಇದು ತಡಿಯಂಗಿಲ್ಲ, ಹೊಸದು ತರಸ್ರಿ," ಎಂದು ವಾಪಸು ಕಳಿಸುತ್ತಾಳೆ. ಹಾಗೆ ವಾಪಸು ಕಳಿಸುತ್ತಾಳೆಂದೇ ಗ್ಯಾರೇಜಿನವರಿಗೆ ಅವಳ ಮೇಲೆ ನಂಬಿಕೆ ಹೆಚ್ಚಾಯಿತು.

ಈ ವರ್ಷ ಬೇಸಿಗೆಯ ಮುಂಚೆ ಮೂರು ತಾಲೂಕಿನ ಮೆಕ್ಯಾನಿಕ್ಕುಗಳು ಸೇರಿ ಅವಳನ್ನು ಜೇವರ್ಗಿಗೆ ಕರೆಸಿದರು, ತಮಗೂ ಕಲಿಸಬೇಕು ಎಂದು. ಕಲಿಸಿದರೆ ಕೆಲಸ ಹೋಗುತ್ತದೆ ಎಂದು ಯಾಕೂಬಸಾಬ ಎಚ್ಚರಿಸಿದ್ದರು. ಅವಳು, "ಡಯಾಲಿಸಿಸ್ ಗಾಡಿ ಎಲ್ಲಾ ಕಡೆ ಓಡ್ತಾವ ಸಾಬ್," ಎಂದು ಹೊರಟಳು.

ಮಸೂದನ ಗ್ಯಾರೇಜಿನಲ್ಲಿ ಶಾಮಿಯಾನ ಹಾಕಿದ್ದರು. ಹದಿನಾಲ್ಕು ಜನ. ಅದರಲ್ಲಿ ನರೆತ ಗಡ್ಡದವರೇ ಹೆಚ್ಚು. ನಾನೂ ನೋಡಲು ಹೋಗಿದ್ದೆ. ನೀಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಓದಿಗೆ ಹಾಕುವ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅವಳು ಒಂದು ಬಿಲ್ಲೆ ಇಳಿಸಿ ತೋರಿಸಿದಳು. ಹತ್ತು ಎಣಿಸುವಾಗ ಹದಿನಾಲ್ಕೂ ಜನ ಅವಳ ಜತೆ ಬಾಯಿ ಆಡಿಸಿದರು. ಆಮೇಲೆ ಒಬ್ಬೊಬ್ಬರೂ ಮಾಡಿ ಅವಳ ಮುಂದೆ ತಂದಿಟ್ಟರು. ಅವಳು ಒಂದೊಂದರ ಮೇಲೂ ನೇರ ಪಟ್ಟಿ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು. "ವಾರೆ ಆಗ್ಯದ ಅಣ್ಣಾ, ತೆಗೀರಿ." "ಇದು ಸುಟ್ಟದ." "ಎಣಿಕಿ ಅವಸರ ಆತು." ಮೊದಲ ಸುತ್ತಿನಲ್ಲಿ ಪಾಸಾದವರು ಮೂವರು. ಮಸೂದನದು ಎರಡನೆಯ ಸಲಕ್ಕೆ ಪಾಸಾಯಿತು. ಅವನು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತ ಒಂದು ಸುತ್ತು ಬಂದ.

ಚಹಾ ಬಂದಾಗ ಏಳು ಜನ ಮಾತ್ರ ಎದ್ದರು. ಉಳಿದ ಏಳು ಜನ ಕೆಂಡದ ಮುಂದೆಯೇ ಕೂತು ಮತ್ತೆ ಒಂದರಿಂದ ಎಣಿಸತೊಡಗಿದ್ದರು.