ಗಂಗವ್ವನ ಎಮ್ಮೆಯ ಹಾಲು ಕುಡಿದ ಮೂರು ತಿಂಗಳು

ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲಿ ಭಾನುವಾರದ ಪ್ರಾರ್ಥನೆ. ಬೈಬಲ್ ಓದುತ್ತಿದ್ದಾಗ ಕೆಮ್ಮು ಬಂತು. ಸೆರಗು ಬಾಯಿಗೆ ಹಿಡಿದೆ.

ತೆಗೆದು ನೋಡಿದರೆ ರಕ್ತ.

ವಿಜಾಪುರದಲ್ಲಿ ಎಕ್ಸ್‌ರೇ ತೆಗೆಸಿದರು. ಬಾಗೇವಾಡಿಯ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಟಿ.ಬಿ. ಐತಿ, ಆಯಿ. ಮೂರು ತಿಂಗಳು ದಿನಾ ಇಂಜೆಕ್ಷನ್. ಹಾಲು ಕುಡೀಬೇಕು. ಮೊಮ್ಮಕ್ಕಳನ್ನ ಹತ್ರ ಕರೀಬ್ಯಾಡ್ರಿ."

ನನ್ನ ತಾಟು ಬೇರೆ, ಲೋಟ ಬೇರೆ ಆಯಿತು. ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಕಂಪೌಂಡರ್ ದಿನಾ ಬಂದು ನಮ್ಮ ಒಲೆಯ ಮೇಲೆಯೇ ಗಾಜಿನ ಸಿರಿಂಜ್ ಕುದಿಸಿ ಚುಚ್ಚುತ್ತಿದ್ದ. ಚುಚ್ಚಿದ ನೋವಿಗೆ ಕೂರಲು ಆಗುತ್ತಿರಲಿಲ್ಲ. ಕಿವಿ ಗುಂಯ್ ಎನ್ನುತ್ತಿತ್ತು. ಆದರೂ ಗೋಡೆಯಾಚೆಯ ಮಾತು ಕೇಳಿಸುತ್ತಿತ್ತು.

ಗೋಡೆಯಾಚೆ ಗಂಗವ್ವನ ದನದ ಕೊಟ್ಟಿಗೆ. ಗಂಡ ಸತ್ತವಳು, ಮಗ, ಸೊಸೆ ಸೊಲ್ಲಾಪುರದಲ್ಲಿ. ಈ ಗಂಗವ್ವನಿಗೆ ಯೇಸುವಿನ ಮಾತು ಹೇಳಬೇಕೆಂದು ನಾನು ಎರಡು ವರ್ಷ ಅವಳ ಬಾಗಿಲು ತುಳಿದಿದ್ದೆ. ಒಂದು ಶ್ರಾವಣ ಸೋಮವಾರ ಪಾಯಸ ಮಾಡಿಕೊಂಡು ಹೋದೆ. ಅವಳದು ಉಪವಾಸ, ಸಂಜೆ ಜಳಕ, ಪೂಜೆ ಆದ ಮೇಲೆಯೇ ಊಟ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ.

"ದೇವರು ಉಪಾಸ ನೋಡಂಗಿಲ್ಲ, ಗಂಗವ್ವ. ಒಂದ್ ತುತ್ತು ತಿಂದ್ರ ನನ್ನ ಮಾತು ಕೇಳಿದಂಗ" ಎಂದು ಬಟ್ಟಲನ್ನು ಅವಳ ಬಾಯಿಯ ಹತ್ತಿರ ಹಿಡಿದೆ.

"ನಿನ್ನ ಪಾಯಸ ನಿನ್ನ ದೇವರಿಗೇ ಉಣಸು" ಎಂದು ಬಾಗಿಲು ಹಾಕಿಕೊಂಡಳು.

ಒಂದು ವರ್ಷ ಮಾತಿಲ್ಲ.

ನಾನು ಮಲಗಿದ ವಾರವೇ ಗಂಗವ್ವ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನನ್ನ ಮೈದುನನ ಹೆಂಡತಿ ಶಾಂತವ್ವ ಹಿತ್ತಲಿನಿಂದ ಹೋಗಿ ಸಗಣಿ ತೆಗೆದಳು, ಎಮ್ಮೆಗೆ ಕಣಿಕೆ ಹಾಕಿದಳು, ಗಂಗವ್ವ ಎಡಗೈಯಲ್ಲಿ ಹಾಲು ಹಿಂಡುವಾಗ ಕರು ಹಿಡಿದು ನಿಂತಳು. ದಿನಾ. ಸೋಮವಾರ ಗಂಗವ್ವನ ಉಪವಾಸವೆಂದು ಅವಳೆದುರು ಎಲೆ ಅಡಿಕೆ ಸಹ ಹಾಕಿಕೊಳ್ಳಲಿಲ್ಲವಂತೆ. ಶಾಂತವ್ವನಿಗೆ ಒಂದಕ್ಷರ ಬರುವುದಿಲ್ಲ. ನಾಲ್ಕನೇ ಇಯತ್ತೆ ಕಲಿತು ಬೈಬಲ್ ಓದುವವಳು ನಾನು.

"ಒಳಗ ಕರೀದವರ ಮನಿ ಸಗಣಿ ಬಳಿಯಾಕ ಹೋಗ್ತಿ. ಒಂದ್ ಮಾತರ ಯೇಸುಸ್ವಾಮಿದು ಹೇಳಿದೇನು?" ಎಂದೆ.

"ಅಕಿ ಕೈ ಮುರದೈತಿ, ಅಕ್ಕಾ. ಕೇಳಿದ್ರ ಹೇಳ್ತೇನಿ."

ಆ ಸಂಜೆ ಲೋಟ ತಂದಿಟ್ಟಳು. ಹಾಲು. "ಗಂಗವ್ವ ಕೊಟ್ಟಾಳ. ನಿನಗಂತ."

ಗೋಡೆ ಕಡೆ ಹೊರಳಿ ಮಲಗಿದೆ. ಮರುದಿನದಿಂದ ಕುಡಿದೆ. ಬದುಕಬೇಕಿತ್ತಲ್ಲ.

ಎರಡನೆಯ ತಿಂಗಳು, ಒಂದು ಮುಂಜಾನೆ, ಗೋಡೆಯಾಚೆ ಗಂಗವ್ವನ ದನಿ: "ಅಲ್ಲಬೇ ಶಾಂತವ್ವ, ಸ್ವಂತ ಸೊಸಿ ಬರಲಿಲ್ಲ, ನೀ ಯಾಕ ಬರ್ತಿ? ನಿಮ್ಮ ದೇವರು ಹೇಳ್ಯಾನೇನು?"

"ಹೌದ್ರಿ. ನಮ್ಮ ಸ್ವಾಮಿ ಶಿಷ್ಯರ ಕಾಲು ತೊಳದಾನ್ರಿ. ನಂದೇನ್ರಿ, ಬರೇ ಸಗಣಿ."

ಗಂಗವ್ವ ನಕ್ಕಳು. "ಯಾಕ ತೊಳದನಂತ? ಹೇಳು."

ಕಿವಿಗೆ ಹಾಕಿಕೋ ಎಂದು ನಾನು ಎರಡು ವರ್ಷ ಕಾಡಿದ ಮಾತನ್ನು ಅವಳು ಈಗ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದಳು. ಅದೂ ಶಾಂತವ್ವನ ಬಾಯಿಂದ.

ಶಾಂತವ್ವ ಬಂದ ಕೂಡಲೇ ಕುಟುಕಿದೆ. "ಎರಡು ವರ್ಷ ಹೊಲ ಹಸನ ಮಾಡಿದಾಕಿ ನಾನು. ರಾಶಿ ಮಾಡಾಕ ಬಂದಾಕಿ ನೀನು."

"ಗಂಗವ್ವ ಹೊಲ ಅಲ್ಲ, ಅಕ್ಕಾ. ಉಪಾಸಿದ್ದ ಹೆಣ್ಮಗಳು."



ಆ ದಿನಗಳಲ್ಲಿ ನನ್ನ ಸೊಸೆ ಹೊಸ್ತಿಲಲ್ಲಿ ರೊಟ್ಟಿ ಇಟ್ಟು ಹೋಗುತ್ತಿದ್ದಳು. ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ. ನನಗೆ ಗಂಜಿ ಬೇಕಿತ್ತು. ಸಿಟ್ಟು ಬರುತ್ತಿತ್ತು. ಹಾಗೆ ಸಿಟ್ಟಾಗಿ ಮಲಗಿದ್ದಾಗಲೇ ತಿಳಿಯಿತು: ಗಂಗವ್ವನಿಗೆ ಏನು ಬೇಕೆಂದು ಎರಡು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ.

ಮೂರು ತಿಂಗಳ ಮೇಲೆ ಕಫ ಟೆಸ್ಟ್ ಮಾಡಿಸಿದರು. "ಇನ್ನ ಮಂದ್ಯಾಗ ಓಡಾಡ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಎಂದರು ಡಾಕ್ಟರು.

ಗಂಗವ್ವನ ಹಿತ್ತಲಿಗೆ ಹೋದೆ. ಏನೂ ಒಯ್ಯಲಿಲ್ಲ.

"ಏನರ ಕೆಲಸ ಐತೇನಬೇ?"

ಗಂಗವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಷ್ಟ ಸೊರಗೀಯಲ್ಲ ಮುದಕಿ! ಕೆಲಸ ಐತಿ. ನನ್ನ ಕೈ ಇನ್ನ ನೆಟ್ಟಗಾಗಿಲ್ಲ. ನಿಮ್ಮ ದೇವರ ಪ್ರಾರ್ಥನಿ ಮಾಡಸ್ಬೇಕಂತ ಮಾಡೇನಿ. ಶಾಂತವ್ವನ್ನ ಕರೀತೀ?"

ಪ್ರಾರ್ಥನೆ ನನಗೂ ಬರುತ್ತದೆ ಎನ್ನುವ ಮಾತು ತುಟಿಗೆ ಬಂತು. ನುಂಗಿದೆ. ಹೋಗಿ ಶಾಂತವ್ವನನ್ನು ಕರೆತಂದೆ.

ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ಸುಳ್ಳಾದೀತು. ಆದರೂ ದೇವರಿಗೆ ಸ್ತೋತ್ರ, ಬಕೀಟು ಎತ್ತುವಷ್ಟು ತ್ರಾಣ ಬಂದಿದೆ. ಅವರಿಬ್ಬರು ಕಣ್ಣು ಮುಚ್ಚಿ ಕುಳಿತಾಗ ನಾನು ಎಮ್ಮೆಗೆ ನೀರು ತೋರಿಸಿದೆ.