ಎರಡು ಸಲ ಆಡಿಸಿದ ಫೈನಲ್

ಆ ಫೈನಲ್ ಪಂದ್ಯವನ್ನು ನಾನು ಎರಡು ಸಲ ಆಡಿಸಿದೆ, ಸದಾನಂದರೇ. ಮೊದಲ ಸಲ ಗೆದ್ದದ್ದು ನಿಮ್ಮ ತಂಡ. ನಿಮ್ಮ ರೇ ಮಲ್ಪೆಯ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಆ ಫಲಿತಾಂಶವನ್ನು ಅಳಿಸಿ ಹಾಕಿದೆ. ಎರಡನೆಯ ಸಲ ನಾನು ಗೆದ್ದೆ, ರೇ ಮೊಣಕಾಲು ಮುರಿದುಕೊಂಡ — ಅದನ್ನೇ ನಿಮಗೆಲ್ಲ ಕಳಿಸಿದೆ. ಇಷ್ಟು ಹೇಳಲು ಇಷ್ಟು ವರ್ಷ ಹಿಡಿಯಿತು.

ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಾದರೂ ಇದನ್ನು ಓದಿದರೆ ನಗಬಹುದು. ಕಂಪ್ಯೂಟರಿನೊಳಗಿನ ಆಟ, ಇಲ್ಲದ ಹುಡುಗರು, ಅವರ ಮೊಣಕಾಲಿಗೆ ಇಷ್ಟು ದೊಡ್ಡ ಪಶ್ಚಾತ್ತಾಪವೇ ಎಂದು. ನಗಲಿ. ಅವರಿಗಾಗಿ ಸ್ವಲ್ಪ ವಿವರಿಸುತ್ತೇನೆ.

ತೊಂಬತ್ತರ ದಶಕದ ನಡುವೆ ನಾನು ಸ್ಯಾನ್ ಡಿಯಾಗೋದ ಒಂದು ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್, ಮನೆ ಮೀರಾ ಮೆಸಾದಲ್ಲಿ. ನೀವು ವೆಸ್ಟ್ ಕೊವಿನಾದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಉಡುಪಿಯವರು. ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಪರಿಚಯವಾದ ನಾವೊಂದಿಷ್ಟು ಜನ ಸೇರಿ ಒಂದು ಲೀಗ್ ಕಟ್ಟಿದೆವು. ಅಮೆರಿಕನ್ ಫುಟ್‌ಬಾಲ್ — ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರಲ್ಲ, ಅದು. ನಮ್ಮಲ್ಲಿ ಯಾರೂ ಒಂದು ದಿನವೂ ಆಡಿದವರಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾಲ್ಪನಿಕ ಕಾಲೇಜು, ಒಂದೊಂದು ತಂಡ. ವಾರಕ್ಕೊಮ್ಮೆ ನಾನು ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ಫಲಿತಾಂಶ ಕಳಿಸುತ್ತಿದ್ದೆ. ಒಂದು ಸೀಸನ್ ಮುಗಿದರೆ ಆಟಗಾರರಿಗೆ ಕಾಲೇಜಿನ ಒಂದು ವರ್ಷ ಕಳೆದಂತೆ, ನಾಲ್ಕು ಮುಗಿದರೆ ಡಿಗ್ರಿ. ನಾವು ಮಾಡಿಕೊಂಡ ನಿಯಮಗಳು ಎರಡೇ. ಪ್ರತಿ ಆಟಗಾರನಿಗೂ ಅವನ ತಂಡದ ಒಡೆಯ ಒಂದು ಹಿನ್ನೆಲೆ ಬರೆಯಬೇಕು — ಊರು, ಅಪ್ಪ ಅಮ್ಮ, ಯಾಕೆ ಆಡುತ್ತಾನೆ, ಹೀಗೆ. ಮತ್ತು ಒಂದು ಪಂದ್ಯವನ್ನು ಒಂದೇ ಸಲ ಆಡಿಸಬೇಕು.

ಹಿನ್ನೆಲೆ ಬರೆಯುವುದನ್ನು ನಾವೆಲ್ಲ ತಮಾಷೆಯಾಗಿಯೇ ತೆಗೆದುಕೊಂಡಿದ್ದೆವು. ನನ್ನ ತಂಡದ ಒಬ್ಬನಿಗೆ ನಮ್ಮ ಮ್ಯಾನೇಜರನ ಬೊಕ್ಕತಲೆಯನ್ನೂ ಗೊರಕೆಯನ್ನೂ ದಾನ ಮಾಡಿ ಒಂದು ವಾರ ನಕ್ಕಿದ್ದೆ. ನೀವು ಮಾತ್ರ ರೇ ಮಲ್ಪೆಯನ್ನು ಬರೆದಿರಿ. ಸ್ಯಾನ್ ಪೆಡ್ರೋದ ಮೀನುಗಾರನ ಕಿರಿಯ ಮಗ. ಮರಳಿನಲ್ಲಿ ಓಡಿ ಕಾಲು ಗಟ್ಟಿಯಾದವನು. ಊಟದ ಕೊನೆಗೆ ತಟ್ಟೆಗೆ ನೀರು ಸುರಿದು ಕುಡಿದುಬಿಡುವವನು. ಮನೆಯಿಂದ ಹೊರಟರೆ ಹಿಂದಿರುಗಿ ನೋಡದವನು — ನೋಡಿದರೆ ಅಮ್ಮ ಅಳುತ್ತಾಳೆಂದು. ಮಲ್ಪೆ ಎಂಬ ಹೆಸರು ಅಮೆರಿಕದಲ್ಲಿ ಎಲ್ಲಿಯದು ಎಂದು ನಾನು ಚುಡಾಯಿಸಿದಾಗ, "ಇಟಲಿ ಕಡೆಯದ್ದು ಅಂತ ತಿಳ್ಕೊಳ್ಳಿ ಮಾರಾಯ್ರೆ" ಎಂದಿದ್ದಿರಿ.

ಅವನು ಯಾರೆಂದು ನನಗೆ ಗೊತ್ತಿತ್ತು. ಇದನ್ನು ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವೇ ಇಲ್ಲ. ಒಂದು ಭಾನುವಾರ ನಿಮ್ಮ ವ್ಯಾನಿನಲ್ಲಿ ಸ್ಯಾನ್ ಡಿಯಾಗೋಗೆ ಬರುವಾಗ ನೀವೇ ಹೇಳಿದಿರಿ — ನಿಮ್ಮ ತಮ್ಮ ಸುಧಾಕರ, ಬಿ.ಕಾಂ. ಎರಡನೆಯ ವರ್ಷದಲ್ಲಿ ಕಾಮಾಲೆಗೆ ತೀರಿಕೊಂಡವನು. ನಿಮಗೆ ಆಗ ಊರಿಗೆ ಹೋಗಲಾಗಲಿಲ್ಲ. "ನನಗೇನಿಲ್ಲ, ಇವನು ಒಂದು ಡಿಗ್ರಿ ಮಾಡ್ಲಿ ಅಂತ" ಎಂದು ಲೇನ್ ಬದಲಿಸುತ್ತ ಹೇಳಿದಿರಿ. ನಾನು ಆಗಲಿ ಎಂದೆ. ಆಗಲಿ ಎಂದವನೇ ನಾನು.

ರೇ ಮೂರನೆಯ ವರ್ಷಕ್ಕೆ ಬಂದ. ಅದೇ ಹೊತ್ತಿಗೆ ನಿಮ್ಮ ಅಮ್ಮ ಊರಿನಿಂದ ಬಂದರು. ಇಲ್ಲಿಯ ಟಿವಿ ಅವರಿಗೆ ಅರ್ಥವಾಗದು, ಅಕ್ಕಪಕ್ಕದವರ ಜತೆ ಮಾತಿಲ್ಲ. ಅಂಗಡಿಗೆ ನಾನು ಕಳಿಸಿದ ಫ್ಯಾಕ್ಸ್ ಹಿಡಿದು ನೀವು ಮನೆಗೆ ಹೋಗಿ ರೇನ ವಾರದ ಸಮಾಚಾರವನ್ನು ಅವರಿಗೆ ಕತೆಯಂತೆ ಹೇಳುತ್ತಿದ್ದಿರಿ. ಅವನು ಯಾರೆಂದು ನೀವು ಹೇಳಿರಲಿಲ್ಲ. ತಟ್ಟೆಗೆ ನೀರು ಸುರಿಯುವ ಸಂಗತಿ ಬಂದಾಗ ಅವರಿಗೇ ಹೊಳೆಯಿತಂತೆ. "ಮುಂದೆ?" ಎಂದಷ್ಟೇ ಕೇಳಿದರಂತೆ. ಆಮೇಲೆ ಪ್ರತಿ ವಾರ ಕೇಳತೊಡಗಿದರು. ಅವನ ಡಿಗ್ರಿ ನೋಡಿಯೇ ಊರಿಗೆ ಹೋಗುವುದೆಂದು ಟಿಕೆಟ್ ಮುಂದಕ್ಕೆ ಹಾಕಿಸಿಕೊಂಡರು. ಇದನ್ನೂ ನೀವು ನನಗೆ ಫೋನಿನಲ್ಲಿ ನಗುತ್ತ ಹೇಳಿದ್ದಿರಿ.

ಆ ಸೀಸನ್ನಿನ ಫೈನಲ್‌ನಲ್ಲಿ ಎದುರಾದದ್ದು ನಿಮ್ಮ ತಂಡ ಮತ್ತು ನನ್ನ ತಂಡ.

ಯಾಕೆ ಹಾಗೆ ಮಾಡಿದೆ? ಅದಕ್ಕೂ ಹಿಂದೆ ಫೈನಲ್ ಸೋತಿದ್ದೆ. "ಮಿಷಿನ್ ನಿಮ್ಮ ಕೈಯಲ್ಲೇ ಇದ್ದೂ ಸೋಲ್ತೀರಲ್ಲ ಸಾರ್, ನಿಮ್ಮಂಥ ಸಾಚಾ ಮನುಷ್ಯನ್ನ ನೋಡಿಲ್ಲ" ಎಂದು ಗೆಳೆಯರು ಕಾಲೆಳೆಯುತ್ತಿದ್ದರು. ಆ ಹೊಗಳಿಕೆ ನನಗೆ ಹಿತವಾಗಿತ್ತು, ಸೋಲು ಹಿತವಾಗಿರಲಿಲ್ಲ. ಎರಡೂ ಬೇಕಿತ್ತು — ಸಾಚಾ ಎಂಬ ಹೆಸರೂ, ಗೆಲುವೂ. ಇಷ್ಟೇ. ಇದಕ್ಕಿಂತ ಗಂಭೀರವಾದ ಕಾರಣವೊಂದಿದ್ದರೆ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ಶನಿವಾರ ಬೆಳಿಗ್ಗೆ. ನನ್ನ ಹೆಂಡತಿ ಉಷಾ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಪಂದ್ಯ ಓಡಿಸಿದೆ. ಕೊನೆಯ ಗಳಿಗೆಯಲ್ಲಿ ರೇ ಮಲ್ಪೆ ನನ್ನವರನ್ನೆಲ್ಲ ದಾಟಿಕೊಂಡು ಓಡಿ ಗೆಲ್ಲಿಸಿದ. ಪರದೆಯ ಮೇಲೆ ಒಣ ಇಂಗ್ಲಿಷಿನ ಒಂದು ಸಾಲು, ಅಷ್ಟೇ. ನನಗೆ ಮೈ ಉರಿಯಿತು. ಯಾರೂ ನೋಡಿಲ್ಲವಲ್ಲ ಎಂದುಕೊಂಡೆ — ಹಾಗೆ ಎಂದುಕೊಂಡದ್ದು ಈಗಲೂ ಚೆನ್ನಾಗಿ ನೆನಪಿದೆ — ಅಳಿಸಿ, ಮತ್ತೆ ಓಡಿಸಿದೆ.

ಈ ಸಲ ನಾನು ಗೆದ್ದೆ. ಕೆಳಗೆ ಗಾಯಾಳುಗಳ ಜಾಗದಲ್ಲಿ ರೇನ ಹೆಸರಿತ್ತು: ಮೊಣಕಾಲು, ಇನ್ನು ಮುಂದೆ ಆಡಲಾರ. ಅಂದರೆ ನಾಲ್ಕನೆಯ ವರ್ಷವಿಲ್ಲ, ಡಿಗ್ರಿಯೂ ಇಲ್ಲ.

ಅವನ ಕಾಲನ್ನು ನಾನು ಮುರಿಯಲಿಲ್ಲ, ಅದು ಯಂತ್ರದ ಲೆಕ್ಕ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಸಾಲು ನೋಡಿದ ಮೇಲೂ ನನಗೆ ಸಮಯವಿತ್ತು. ಮೂರನೆಯ ಸಲ ಓಡಿಸಬಹುದಿತ್ತು. ಓಡಿಸಿದರೆ ಗೆಲುವು ಕೈ ತಪ್ಪುತ್ತದೇನೋ ಎಂಬ ಭಯ... ಉಷಾ ತಿಂಡಿಗೆ ಕರೆದಳು. ಫ್ಯಾಕ್ಸ್ ಕಳಿಸಿಯೇ ಹೋದೆ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದೆ ಎಂಬುದನ್ನೂ ಹೇಳಿಬಿಡುತ್ತೇನೆ.

ನೀವು ಮಧ್ಯಾಹ್ನ ಫೋನ್ ಮಾಡಿ ಮೊದಲು ನನಗೆ ಅಭಿನಂದನೆ ಹೇಳಿದಿರಿ. ಆಮೇಲೆ ರೇನ ಮಾತೆತ್ತಿದಿರಿ. ಆಟದಿಂದ ಹೊರಬಿದ್ದವನ ಕೊನೆಯ ಪುಟವನ್ನು ಒಡೆಯನೇ ಬರೆಯುವುದು ನಮ್ಮ ವಾಡಿಕೆ. ನಾನು ಧಾರಾಳಿಯಂತೆ ಸಲಹೆ ಕೊಟ್ಟೆ: ಕಾಲು ಹೋದರೇನು, ಓದು ಮುಂದುವರಿಸಿದ, ಡಿಗ್ರಿ ಪಡೆದ ಅಂತ ಬರೆದುಬಿಡಿ.

"ಅದು ನಾನು ಬರೆದದ್ದಾಗ್ತದೆ ಮಾರಾಯ್ರೆ," ಎಂದಿರಿ. "ಆದದ್ದು ಅಲ್ಲ."

ನಿಮಗೆ ಆ ಯಂತ್ರ ಯಾಕೆ ಬೇಕಿತ್ತೆಂದು ನನಗೆ ಅರ್ಥವಾದದ್ದು ಆಗ. ಕತೆ ಕಟ್ಟಿ ತಮ್ಮನನ್ನು ಬದುಕಿಸುವುದು ನಿಮಗೆ ಕಷ್ಟವಿರಲಿಲ್ಲ. ಯಾರ ಕೈಯೂ ಆಡದೆ, ನಿಮ್ಮ ಕೈಯೂ ಆಡದೆ, ಅವನು ತಾನಾಗಿಯೇ ಎರಡನೆಯ ವರ್ಷ ದಾಟಿದ್ದ. ಮೂರನೆಯದನ್ನೂ ದಾಟುತ್ತಿದ್ದ. ದಾಟಿಯೂ ಇದ್ದ — ಅದು ನನಗೊಬ್ಬನಿಗೇ ಗೊತ್ತಿತ್ತು. ಆಗಲೇ ಬಾಯಿ ಬಿಡಬೇಕಿತ್ತು. "ಹೌದು, ಅದೂ ಸರಿಯೇ" ಎಂದು ಫೋನ್ ಇಟ್ಟೆ.

ಇದಕ್ಕಿಂತ ಕೆಟ್ಟದ್ದು ಇನ್ನೂ ಹೇಳಿಲ್ಲ. ಅದು ನಿಮಗೂ ಗೊತ್ತಿಲ್ಲ. ಮುಂದಿನ ಭಾನುವಾರ ಉಷಾಳನ್ನೂ ನನ್ನನ್ನೂ ಊಟಕ್ಕೆ ಕರೆದಿರಿ. ಗೆದ್ದವನಿಗೆ ಸೋತವನ ಮನೆಯಲ್ಲಿ ಊಟ ಎಂದು ನಿಮ್ಮದೇ ತಮಾಷೆ. ನೀವು ಮೊಸರು ತರಲು ಅಂಗಡಿಗೆ ಹೋಗಿದ್ದಾಗ, ಹೆಂಗಸರು ಒಳಗಿದ್ದಾಗ, ಅಮ್ಮ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು. ಸೀರೆಯ ಮೇಲೆ ನಿಮ್ಮ ಹಳೆಯ ಸ್ವೆಟರ್ ಹಾಕಿಕೊಂಡಿದ್ದರು.

"ಮಿಷಿನ್ ನಡೆಸುದು ನೀನೇ ಅಲ್ವಾ ಮಗಾ?" ಎಂದು ಕೇಳಿದರು.

ಹೌದೆಂದೆ.

"ಇನ್ನೊಂದು ಸಲ ಆಡಿಸ್ಲಿಕ್ಕೆ ಆಗುದಿಲ್ವಾ? ಸೋತ್ರೆ ಸೋಲ್ಲಿ. ಅವನ ಕಾಲು ಒಂದು ಸರಿ ಇದ್ರೆ ಸಾಕು."

ಕೇಳುವಾಗ ಅವರಿಗೆ ನಾಚಿಕೆಯಾಗುತ್ತಿತ್ತು. ಮುದುಕಿ ಹುಚ್ಚುಹುಚ್ಚಾಗಿ ಏನೋ ಕೇಳುತ್ತಿದ್ದಾಳೆಂದು ನಾನು ತಿಳಿದುಕೊಂಡೇನು ಎಂಬ ಸಂಕೋಚ. ನಾನು ತುಂಬ ಮೃದುವಾಗಿ, ಚಿಕ್ಕವರಿಗೆ ಹೇಳುವ ಹಾಗೆ ಹೇಳಿದೆ:

"ಇಲ್ಲಮ್ಮ. ಒಂದು ಆಟ ಒಂದೇ ಸಲ. ಅದು ರೂಲ್ಸು."

ಅವರು ತಲೆಯಾಡಿಸಿದರು. "ಹಾಗಾದ್ರೆ ಅವನ ಹಣೆಬರಹ ಅಷ್ಟೇ" ಎಂದರು. ಎರಡನೆಯ ಸಲವೂ ಮಗನ ಹಣೆಬರಹವೆಂದು ಒಪ್ಪಿಕೊಂಡರು. ಎದ್ದು ಹೋಗಿ ನನಗೆ ಎಲೆ ಹಾಕಿದರು.

ಅವರು ಅದೇ ತಿಂಗಳು ಊರಿಗೆ ಮರಳಿದರು. ಲೀಗನ್ನು ಬಿಡುವಾಗಲೂ ನೀವು ಕೆಲಸದ ಒತ್ತಡವೆಂದಿರಿ, ನನ್ನ ಮೇಲೆ ಒಂದು ಮಾತಿಲ್ಲ. ಕೆಲವು ವರ್ಷಗಳ ನಂತರ ಅಮ್ಮ ಹೋದ ಸುದ್ದಿ ಬಂದಾಗ ನಿಮ್ಮ ಮನೆಗೆ ಬಂದು ನಿಮ್ಮ ಪಕ್ಕ ಕುಳಿತೆ. ಆವತ್ತೂ ಹೇಳಲಿಲ್ಲ. ಅದು ಸಮಯವಲ್ಲ ಎನಿಸಿತು. ನನಗೆ ಯಾವುದೂ ಸಮಯವೆನಿಸಿದ್ದಿಲ್ಲ.

ಕಳೆದ ವಾರ ನೀವು ಫೋನ್ ಮಾಡಿದಿರಿ. ಅಂಗಡಿ ಮಗನಿಗೆ ವಹಿಸಿದ್ದೇನೆ, ಕೈ ಖಾಲಿ, ಲೀಗನ್ನು ಮತ್ತೆ ಶುರು ಮಾಡೋಣ ಎಂದಿರಿ. "ನಡೆಸ್ಲಿಕ್ಕೆ ನೀವೇ ಆಗ್ಬೇಕು. ಬೇರೆಯವರ ಮೇಲೆ ನನಗೆ ನಂಬಿಕೆ ಇಲ್ಲ." ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದೇನೂ ಇರಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ವೆಸ್ಟ್ ಕೊವಿನಾಕ್ಕೆ ಬಂದು, ನೀವು ಊಟಕ್ಕೆ ಏಳಿ ಎನ್ನುವ ಮೊದಲೇ, ಎದುರು ಕುಳಿತು ಓದುತ್ತೇನೆ. ಆಮೇಲೆ ಊಟಕ್ಕೆ ಕರೆಯುವುದೂ ಬಿಡುವುದೂ ನಿಮಗೆ ಸೇರಿದ್ದು. ಕ್ಷಮೆ ಕೇಳಬೇಕಾದವರಲ್ಲಿ ಒಬ್ಬರು ಈಗಿಲ್ಲ. ಅವರಿಗೆ ಕೊಡಬೇಕಿದ್ದ ಉತ್ತರವನ್ನು ನಿಮಗೇ ಕೊಡುತ್ತಿದ್ದೇನೆ: ಆಗುತ್ತಿತ್ತು ಅಮ್ಮ. ಇನ್ನೊಂದು ಸಲ ಆಡಿಸಲು ಆಗುತ್ತಿತ್ತು. ನನಗಾಗಿ ಆಡಿಸಿದ್ದೆ, ನೀವು ಕೇಳಿದಾಗ ಆಡಿಸಲಿಲ್ಲ.